ಸಾರ್ವಜನಿಕ ಸೈಕಲ್ ಬಾಡಿಗೆ: ದರದ ಇತಿಹಾಸ

ಊರಿನ ಒಂದು ನಿಲ್ದಾಣದಲ್ಲಿ ಹತ್ತಿ ಇನ್ನೊಂದರಲ್ಲಿ ಬಿಡಬಹುದಾದ ಸಾರ್ವಜನಿಕ ಸೈಕಲ್‌ಗಳಿಗೆ ಶುಲ್ಕ ವಿಧಿಸುವ ಪದ್ಧತಿ. ನಮ್ಮ ಹಳೆಯ ಸೈಕಲ್ ಶಾಪಿನ ಬಾಡಿಗೆ ಗಂಟೆ ಲೆಕ್ಕದ್ದು. ಹೆಚ್ಚು ಹೊತ್ತು ಇಟ್ಟುಕೊಂಡಷ್ಟೂ ಅಂಗಡಿಯವನಿಗೆ ಲಾಭ. ಇಲ್ಲಿ ಲೆಕ್ಕ ತಿರುವುಮುರುವು. ಸೈಕಲ್ ಬೇಗ ಮರಳಿ ಮತ್ತೊಬ್ಬರ ಕೈಗೆ ಸಿಗಬೇಕು.

1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೊವೊ ಚಳವಳಿಗಾರರು ಬಿಳಿ ಬಣ್ಣ ಬಳಿದ ಸೈಕಲ್‌ಗಳನ್ನು ಬೀಗವಿಲ್ಲದೆ, ಬಾಡಿಗೆಯಿಲ್ಲದೆ ಬೀದಿಗಿಟ್ಟರು. ಬೀಗವಿಲ್ಲವೆಂಬ ಕಾರಣಕ್ಕೇ ಪೊಲೀಸರು ಅವನ್ನು ಎತ್ತಿಕೊಂಡು ಹೋದರು. 1995ರಲ್ಲಿ ಕೋಪನ್‌ಹೇಗನ್ 20 ಕ್ರೋನರ್ ನಾಣ್ಯದ ಠೇವಣಿ ತಂದಿತು. ಸೈಕಲ್ ಒಪ್ಪಿಸಿದರೆ ನಾಣ್ಯ ವಾಪಸು. ಸವಾರನ ಹೆಸರೂ ಇಲ್ಲ, ಹೊತ್ತಿನ ಲೆಕ್ಕವೂ ಇಲ್ಲ. ಆ ನಾಣ್ಯದ ಆಸೆ ಬಿಟ್ಟವನನ್ನು ಕೇಳುವವರಿರಲಿಲ್ಲ.

ಕಾರ್ಡು ಬಂದ ಮೇಲೆ ಹೆಸರೂ ಗಡಿಯಾರವೂ ಒಟ್ಟಿಗೆ ಬಂದವು. ಲಿಯಾನ್ 2005ರಲ್ಲಿ ಆರಂಭಿಸಿದ ಮೊದಲ ಅರ್ಧ ಗಂಟೆ ಉಚಿತ ಎಂಬ ನಿಯಮ, 2007ರ ಜುಲೈನಲ್ಲಿ ಪ್ಯಾರಿಸ್ಸಿನ ವೆಲಿಬ್ ಮೂಲಕ ಜಗತ್ತಿಗೆಲ್ಲ ಹರಡಿತು. ಪ್ಯಾರಿಸ್ಸಿನಲ್ಲಿ ಆಗ ವರ್ಷಕ್ಕೆ 29 ಯೂರೋ ಚಂದಾ. ಉಚಿತ ಅವಧಿ ಮುಗಿದ ಮೇಲೆ ಮುಂದಿನ ಅರ್ಧ ಗಂಟೆಗೆ 1 ಯೂರೋ, ಅದರ ಮುಂದಿನದಕ್ಕೆ 2, ಆಮೇಲೆ ಪ್ರತಿ ಅರ್ಧ ಗಂಟೆಗೂ 4. ಇದು ಬಾಡಿಗೆಗಿಂತ ದಂಡಕ್ಕೇ ಹತ್ತಿರ. ಆದರೆ ಇಳಿಜಾರಿಗೆ ಈ ದರ ಉತ್ತರ ಕೊಡಲಿಲ್ಲ: ಜನ ದಿಬ್ಬದಿಂದ ಹಾಯಾಗಿ ಇಳಿದು ಬರುತ್ತಿದ್ದರು, ಮೇಲಕ್ಕೆ ತುಳಿಯುವವರು ಕಡಿಮೆ. ಎತ್ತರದ ನಿಲ್ದಾಣಕ್ಕೆ ಸೈಕಲ್ ತಲುಪಿಸಿದವರಿಗೆ 2008ರಿಂದ 15 ನಿಮಿಷ ಹೆಚ್ಚುವರಿ ಉಚಿತ ಸಮಯ ಸಿಕ್ಕಿತು. ಬೆವರಿಗೂ ಬೆಲೆ ಕಟ್ಟಿದ್ದು ಹೀಗೆ. ನ್ಯೂಯಾರ್ಕಿನ ಸಿಟಿ ಬೈಕ್ ಇದನ್ನೇ ಬೆಳೆಸಿ, ತುಂಬಿದ ನಿಲ್ದಾಣದಿಂದ ಖಾಲಿ ನಿಲ್ದಾಣಕ್ಕೆ ಸೈಕಲ್ ಒಯ್ಯುವವರಿಗೆ ಅಂಕಗಳನ್ನು ಕೊಡತೊಡಗಿತು.

ಚೀನಾದ ಹ್ಯಾಂಗ್‌ಝೌ 2008ರಲ್ಲಿ ಮೊದಲ ಗಂಟೆಯನ್ನೇ ಉಚಿತ ಮಾಡಿತ್ತು. ಮುಂದೆ ಚೀನಾದಲ್ಲಿ ನಿಲ್ದಾಣವೇ ಬೇಡದ ಖಾಸಗಿ ಸೈಕಲ್‌ಗಳು ಬಂದಾಗ ಸವಾರಿ ಅಗ್ಗವಾಗಿತ್ತು, ದೊಡ್ಡ ಹಣವೆಲ್ಲ ಠೇವಣಿಯಲ್ಲಿತ್ತು. ಅಂಥ ಒಂದು ಕಂಪನಿ ಒಫೊ ಪಡೆಯುತ್ತಿದ್ದದ್ದು 199 ಯುವಾನ್. 2018ರ ಕೊನೆಗೆ ಅದನ್ನು ಹಿಂದಕ್ಕೆ ಕೇಳಿದವರ ಸಾಲು ಒಂದು ಕೋಟಿ ದಾಟಿತು.

ಮೈಸೂರಿನ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್‌ಗಳೊಡನೆ, ನಿಲ್ದಾಣ ಮತ್ತು ಕಾರ್ಡಿನ ಪದ್ಧತಿಯಲ್ಲೇ ಶುರುವಾಯಿತು. ಬೆಂಗಳೂರಿನ ಯುಲು ವಿದ್ಯುತ್ ವಾಹನಕ್ಕೆ ಹೊರಳಿ, ಬೀಗ ತೆಗೆಯಲು ಒಂದು ಶುಲ್ಕ, ನಿಮಿಷಕ್ಕೊಂದು ದರ ಇಟ್ಟಿತು. ಊಟ, ದಿನಸಿ ತಲುಪಿಸುವ ಹುಡುಗರಿಗೆ ಈಗ ಅದೇ ಸಂಸ್ಥೆ ದಿನಗಳ, ವಾರಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತದೆ. ಸೈಕಲ್ ಶಾಪಿನವನಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತಿತ್ತು.