ಇಗ್ವಾನೋಡಾನಿನ ರೂಪಕಲ್ಪನೆ: ಒಂದು ಐತಿಹಾಸಿಕ ವಿವೇಚನೆ

ಗತಿಸಿಹೋದ ಜೀವಿಗಳಲ್ಲಿ ಡೈನೋಸಾರುಗಳಷ್ಟು ಚಿತ್ರಿತವಾದವು ವಿರಳ. ಆದರೂ ಅವುಗಳನ್ನು ಕಣ್ಣಾರೆ ಕಂಡ ಮನುಷ್ಯನಿಲ್ಲ. ಹಕ್ಕಿಗಳನ್ನು ಬಿಟ್ಟರೆ ಆ ವಂಶದ ಶಾಖೆಗಳೆಲ್ಲ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆಯೇ ಅಳಿದುವು. ನಮಗೆ ಉಳಿದಿರುವುದು ಮೂಳೆ, ಹಲ್ಲು, ಹೆಜ್ಜೆಗುರುತು, ಮೊಟ್ಟೆ, ಅಪೂರ್ವವಾಗಿ ಚರ್ಮದ ಅಚ್ಚು. ಇಷ್ಟರಿಂದ ಒಂದು ಪ್ರಾಣಿಯ ನಿಲುವನ್ನೂ ನಡೆಯನ್ನೂ ಹೇಗೆ ಊಹಿಸಲಾಯಿತು, ಆ ಊಹೆ ಎಲ್ಲಿ ದಾರಿತಪ್ಪಿತು ಎಂಬುದು ಜೀವವಿಜ್ಞಾನಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ತ್ರುಟಿತ ಶಾಸನದ ಅಳಿದ ಅಕ್ಷರಗಳನ್ನು ಮತ್ತೊಂದು ಶಾಸನದ ಬಲದಿಂದ ತುಂಬಿಕೊಳ್ಳುವ ಇತಿಹಾಸಕಾರನಿಗೂ ಅದು ಹತ್ತಿರದ ಪ್ರಶ್ನೆಯೇ. ಪ್ರಕೃತ ಲೇಖನದಲ್ಲಿ ನಾವು ಮುಖ್ಯವಾಗಿ ಇಗ್ವಾನೋಡಾನ್ ಎಂಬ ಒಂದೇ ಪ್ರಾಣಿಯ ರೂಪಕಲ್ಪನೆಯ ಚರಿತ್ರೆಯನ್ನು ಪರಿಶೀಲಿಸುತ್ತೇವೆ.

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಪಟ್ಟಣದಲ್ಲಿ ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯನಿದ್ದನು. 1820ರ ದಶಕದ ಆರಂಭದಲ್ಲಿ ಅವನ ಕೈಗೆ ಸವೆದ ದೊಡ್ಡ ಹಲ್ಲುಗಳು ಕೆಲವು ಬಂದುವು. ಅವನ ಪತ್ನಿ ಅವನ್ನು ದಾರಿಬದಿಯಲ್ಲಿ ಕಂಡಳೆಂಬ ಕಥೆ ಬಹು ಪ್ರಚಲಿತವಾದುದು. ಅದಕ್ಕೆ ಗಟ್ಟಿಯಾದ ಆಧಾರ ಸಾಲದು. ಪ್ಯಾರಿಸಿನ ಕ್ಯುವಿಯೇ ಮೊದಲು ಅವು ಘೇಂಡಾಮೃಗದ ಹಲ್ಲುಗಳೆಂದನು. ಬಳಿಕ ಮನಸ್ಸು ಬದಲಿಸಿ ಸಸ್ಯಾಹಾರಿ ಉರಗದವಿರಬಹುದೆಂದು ಒಪ್ಪಿದನು. ಲಂಡನ್ನಿನ ಸಂಗ್ರಹಾಲಯವೊಂದರಲ್ಲಿ ಸ್ಯಾಮ್ಯುಯೆಲ್ ಸ್ಟಚ್‌ಬರಿ ಎಂಬಾತನು ದಕ್ಷಿಣ ಅಮೆರಿಕದ ಇಗ್ವಾನವೆಂಬ ಓತಿಯ ಹಲ್ಲನ್ನು ತೋರಿಸಿದಾಗ ಹೋಲಿಕೆ ಸ್ಪಷ್ಟವಾಯಿತು. 1825ರಲ್ಲಿ ಮ್ಯಾಂಟೆಲ್ಲನು ತನ್ನ ಪ್ರಾಣಿಗೆ ‘ಇಗ್ವಾನದ ಹಲ್ಲುಳ್ಳದ್ದು’ ಎಂಬ ಅರ್ಥದ ಹೆಸರನ್ನಿಟ್ಟನು. ಹೆಸರಿನೊಡನೆ ರೂಪವೂ ಬಂದಿತು. ಓತಿಯ ಹಲ್ಲಿಗೂ ಒಡಲಿಗೂ ಇರುವ ಪ್ರಮಾಣವನ್ನೇ ಹಿಡಿದು ಗುಣಿಸಲಾಗಿ ಪ್ರಾಣಿಯ ಉದ್ದ ಸುಮಾರು 60 ಅಡಿಯಾಯಿತು! 1834ರಲ್ಲಿ ಮೇಡ್‌ಸ್ಟನ್ನಿನ ಕಲ್ಲುಗಣಿಯಲ್ಲಿ ಹೆಚ್ಚಿನ ಮೂಳೆಗಳು ದೊರೆತ ಮೇಲೆ ಅವನು ಬರೆದ ಚಿತ್ರದಲ್ಲಿಯೂ ನಾವು ಕಾಣುವುದು ಹಿಗ್ಗಿಸಿದ ಓತಿಯನ್ನೇ. ಶಂಕುವಿನಾಕಾರದ ಮೊನಚು ಮೂಳೆಯೊಂದು ಅದರ ಮೂಗಿನ ಮೇಲೆ ಕೊಂಬಾಗಿ ಕುಳಿತಿದೆ.

1842ರಲ್ಲಿ ‘ಡೈನೋಸಾರಿಯ’ ಎಂಬ ವರ್ಗನಾಮವನ್ನು ಪ್ರಕಟಿಸಿದ ರಿಚರ್ಡ್ ಓವೆನ್ನನು ಈ ಓತಿಯನ್ನು ಒಪ್ಪಲಿಲ್ಲ. (ಪ್ರಾಸಂಗಿಕವಾಗಿ ಹೇಳುವುದಾದರೆ, 1828ರಲ್ಲಿ ಸ್ಲೀಮನ್ನನು ಜಬಲ್ಪುರದ ಬಳಿ ಸಂಗ್ರಹಿಸಿದ ಮೂಳೆಗಳು ಈ ವರ್ಗನಾಮಕ್ಕಿಂತ 14 ವರ್ಷ ಹಿರಿಯವು, 1877ರಲ್ಲಿ ಲಿಡೆಕ್ಕರನು ಅವುಗಳಿಗೆ ಟೈಟನೊಸಾರಸ್ ಎಂದು ಹೆಸರಿಟ್ಟನು.) ಸೊಂಟದ ಕಶೇರುಗಳು ಒಂದಾಗಿ ಬೆಸೆದಿರುವುದನ್ನು ಗಮನಿಸಿ, ಇವು ಹೊಟ್ಟೆ ಎಳೆದುಕೊಂಡು ಹರಿದಾಡುವ ಜಾತಿಯವಲ್ಲ, ಕಂಬದಂಥ ಕಾಲುಗಳ ಮೇಲೆ ನೆಟ್ಟಗೆ ನಿಂತವು ಎಂದು ಓವೆನ್ನನು ಸಾಧಿಸಿದನು, ಉದ್ದವನ್ನು 28 ಅಡಿಗೆ ಇಳಿಸಿದನು. ಇದು ಬಹು ದೊಡ್ಡ ಮುನ್ನಡೆ. ಆದರೆ ಇದರ ಹಿಂದೆ ಮತ್ತೊಂದು ಎಣಿಕೆಯೂ ಇದ್ದಿತೆಂದು ಕೆಲವು ಇತಿಹಾಸಕಾರರ ಮತ: ಪುರಾತನ ಉರಗಗಳು ಇಂದಿನವಕ್ಕಿಂತ ಮೇಲ್ದರ್ಜೆಯವೆಂದು ತೋರಿದರೆ, ಜೀವಿಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತ ಬಂದುವೆಂಬ ಅಂದಿನ ವಾದಕ್ಕೆ ಪೆಟ್ಟುಬೀಳುತ್ತಿದ್ದಿತು. ನಮಗೂ ಇದು ಸಂಭವನೀಯವಾಗಿ ತೋರುತ್ತದೆ. ಅಂತೂ ಓತಿ ಹೋಗಿ ಆನೆ ಘೇಂಡಾಮೃಗಗಳ ಛಾಯೆ ಬಂದಿತು. 1854ರಲ್ಲಿ ಲಂಡನ್ನಿನ ಸಿಡೆನ್‌ಹ್ಯಾಮಿನಲ್ಲಿ ವಾಟರ್‌ಹೌಸ್ ಹಾಕಿನ್ಸನು ನಿರ್ಮಿಸಿದ ಬೃಹದ್ವಿಗ್ರಹಗಳಲ್ಲಿ ಈ ರೂಪವೇ ಸ್ಥಿರವಾಯಿತು. ಅವು ಈಗಲೂ ಅಲ್ಲಿನ ಉದ್ಯಾನದಲ್ಲಿವೆ. 1853ರ ಡಿಸೆಂಬರ್ 31ರ ರಾತ್ರಿ ಇಗ್ವಾನೋಡಾನಿನ ಅಚ್ಚಿನೊಳಗೆ ವಿದ್ವಾಂಸರಿಗೆ ನಡೆದ ಔತಣ ಲೋಕಪ್ರಸಿದ್ಧವಾದುದು. ಅಷ್ಟರಲ್ಲಿ ಮ್ಯಾಂಟೆಲ್ಲನು ತೀರಿಕೊಂಡು ಒಂದು ವರ್ಷವಾಗಿದ್ದಿತು. ತನ್ನ ಕೊನೆಯ ವರ್ಷಗಳಲ್ಲಿ ಅವನು ಪ್ರಾಣಿಯ ಮುಂಗಾಲುಗಳು ಹಿಂಗಾಲುಗಳಿಗಿಂತ ತೆಳುವಾದವೆಂದು ಗುರುತಿಸಿದ್ದನು. ಆ ಮಾತು ವಿಗ್ರಹವನ್ನು ಮುಟ್ಟಲಿಲ್ಲ.

1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಎಂಬಲ್ಲಿ, ಕಲ್ಲಿದ್ದಲ ಗಣಿಯ 322 ಮೀಟರು ಆಳದಲ್ಲಿ, ಮೂವತ್ತಕ್ಕೂ ಹೆಚ್ಚು ಇಗ್ವಾನೋಡಾನುಗಳ ಅವಶೇಷಗಳು ಸಿಕ್ಕಿದುವು. ಇವುಗಳಲ್ಲಿ ಅನೇಕವು ಬಹುಮಟ್ಟಿಗೆ ಪೂರ್ಣವಾದ ಅಸ್ಥಿಪಂಜರಗಳು. ಅವುಗಳನ್ನು ಅಭ್ಯಸಿಸಿದ ಲೂಯಿ ಡೊಲ್ಲೊನು ಮೂಗಿನ ಕೊಂಬನ್ನು ಅದರ ನಿಜವಾದ ಎಡೆಗೆ, ಎಂದರೆ ಕೈಯ ಹೆಬ್ಬೆರಳಿಗೆ, ತಂದನು. ನಾಲ್ಕು ಕಾಲಿನ ಭಾರಜೀವಿ ಎದ್ದುನಿಂತಿತು. ಆದರೆ ಜೋಡಣೆಯ ಕಾಲದಲ್ಲಿ ಮಾದರಿಗಾಗಿ ಪಕ್ಕದಲ್ಲಿರಿಸಿಕೊಂಡಿದ್ದು ಕ್ಯಾಸೊವರಿ ಹಕ್ಕಿಯ ಮತ್ತು ಕಾಂಗರೂ ಜಾತಿಯ ವಾಲಬಿಯ ಅಸ್ಥಿಪಂಜರಗಳನ್ನು. ಅದರಂತೆಯೇ ಪ್ರಾಣಿ ಬೆನ್ನನ್ನು ನೆಟ್ಟಗೆ ನಿಮಿರಿಸಿ, ಬಾಲವನ್ನು ನೆಲಕ್ಕೂರಿ, ಮೂರನೆಯ ಕಾಲಿನಂತೆ ಅದರ ಮೇಲೆ ಒರಗಿತು. ನಿಲುವಿನ ಜೊತೆಗೆ ಸ್ವಭಾವವೂ ನಿರ್ಧಾರವಾಯಿತು: ಎತ್ತರದ ಕೊಂಬೆಗೆ ಬಾಯಿ ಚಾಚಿ ಮೆಲ್ಲುವ, ಮೆಲ್ಲನೆ ಚಲಿಸುವ ಪ್ರಾಣಿ. ಸುಮಾರು ಒಂದು ಶತಮಾನ ಪಠ್ಯಪುಸ್ತಕಗಳಲ್ಲಿ ಇದೇ ಚಿತ್ರ ನೆಲೆನಿಂತಿತು.

ಇಲ್ಲಿ ಅತ್ಯಂತ ಗಮನಾರ್ಹವಾದ ಅಂಶವೊಂದುಂಟು. ಈ ಚಿತ್ರವನ್ನು ಅಲ್ಲಗಳೆಯುವ ಸಾಕ್ಷ್ಯ ಹೊಸದಾಗಿ ಅಗೆದು ತೆಗೆದುದಲ್ಲ. ಅದೇ ಅಸ್ಥಿಪಂಜರಗಳ ಬೆನ್ನಿನ ಮೇಲೆಯೇ ಇದ್ದಿತು. ಬೆನ್ನುಮೂಳೆಯ ಇಕ್ಕೆಲದಲ್ಲಿಯೂ ಬಾಲದುದ್ದಕ್ಕೂ ಎಲುಬಾಗಿ ಗಟ್ಟಿಗೊಂಡ ಸ್ನಾಯುರಜ್ಜುಗಳು ಚಾಪೆಯ ಹೆಣಿಗೆಯಂತೆ ಹರಡಿದ್ದುವು. ಇಂಥ ಬಾಲ ಬಿರುಸಾಗಿ ನೀಳವಾಗಿರುವುದೇ ಹೊರತು ನೆಲದ ಮೇಲೆ ಬಾಗಿ ಮಲಗದು. ಬೇಕಾದ ಬಾಗು ಬರಬೇಕಾದರೆ ಬಾಲವನ್ನು ಮುರಿಯಬೇಕು. ಇದನ್ನು 1980ರಲ್ಲಿ ಡೇವಿಡ್ ನಾರ್ಮನ್ನರು ವಿಶದವಾಗಿ ತೋರಿಸಿಕೊಟ್ಟರು. ಅವರ ಇಗ್ವಾನೋಡಾನ್ ಬೆನ್ನನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ಬಾಲದಿಂದ ಮುಂಭಾಗದ ಭಾರವನ್ನು ಸರಿತೂಗಿಸುತ್ತ ನಡೆಯುತ್ತದೆ. ಕೈಯ ನಡುವಣ ಮೂರು ಬೆರಳುಗಳ ತುದಿ ಗೊರಸಿನಂತಿರುವುದರಿಂದ ಅವುಗಳನ್ನೂರಿ ನಾಲ್ಕು ಕಾಲಿನಲ್ಲಿಯೂ ನಡೆಯಬಲ್ಲದು. ಡೊಲ್ಲೊನು ಅಜಾಗರೂಕನಲ್ಲ, ಆ ಸ್ನಾಯುರಜ್ಜುಗಳನ್ನು ಕುರಿತು ತಾನೇ ಬರೆದವನು. ಹೋಲಿಕೆಗೆಂದು ಕರೆತಂದ ಪ್ರಾಣಿ ಸಾಕ್ಷಿಯ ಸ್ಥಾನದಿಂದ ಎದ್ದು ನ್ಯಾಯಾಧೀಶನ ಪೀಠದಲ್ಲಿ ಕುಳಿತಿತು.

ವರ್ತನೆಯ ವಿಷಯದಲ್ಲಿಯಂತೂ ಅಪಾಯ ಇನ್ನೂ ಹೆಚ್ಚು. 1923ರಲ್ಲಿ ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ, ಮೊಟ್ಟೆಗಳ ಗೂಡಿನ ಮೇಲೆ ಸಣ್ಣ ಡೈನೋಸಾರೊಂದರ ಅವಶೇಷ ಸಿಕ್ಕಿತು. ಮೊಟ್ಟೆಗಳು ಅಲ್ಲಿ ವಿಪುಲವಾಗಿದ್ದ ಪ್ರೊಟೊಸೆರಟಾಪ್ಸ್ ಎಂಬ ಪ್ರಾಣಿಯವೆಂದು ಭಾವಿಸಲಾಗಿತ್ತು. ಆದುದರಿಂದ ಮೇಲಿದ್ದದ್ದು ಕಳ್ಳ! ಮರುವರ್ಷ ಆಸ್‌ಬಾರ್ನನು ಅದಕ್ಕೆ ‘ಮೊಟ್ಟೆಗಳ್ಳ’ ಎಂಬ ಅರ್ಥದಲ್ಲಿ ಓವಿರ್ಯಾಪ್ಟರ್ ಎಂದು ಹೆಸರಿಟ್ಟನು. ಈ ಹೆಸರು ಪ್ರಾಣಿಯ ಆಹಾರಕ್ರಮದ ಬಗೆಗೆ ತಪ್ಪು ಭಾವನೆ ಕೊಡಬಹುದೆಂದು ಅವನೇ ಎಚ್ಚರಿಸಿದನೆಂಬುದನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. 1993ರಲ್ಲಿ ಅಂಥದೇ ಮೊಟ್ಟೆಯೊಳಗೆ ಓವಿರ್ಯಾಪ್ಟರ್ ಬಳಗದ ಭ್ರೂಣವೇ ಕಾಣಿಸಿತು. 1995ರಲ್ಲಿ ಅದೇ ಬಳಗದ ಪ್ರಾಣಿಯೊಂದು ಕೋಳಿ ಕಾವಿಗೆ ಕೂತಂತೆ ಗೂಡಿನ ಮೇಲೆ ತೋಳು ಹರಡಿ ಕುಳಿತಿರುವ ಪಳೆಯುಳಿಕೆಯ ವರದಿ ಪ್ರಕಟವಾಯಿತು. ಕಳ್ಳನೆನಿಸಿದ್ದು ಕಾವಲಿಗನಾಯಿತು. ನಾಮಕರಣದ ನಿಯಮ ಆದ್ಯತೆಯನ್ನು ಎತ್ತಿಹಿಡಿಯುವುದರಿಂದ ಕಳಂಕದ ಹೆಸರು ಮಾತ್ರ ಉಳಿದುಕೊಂಡಿದೆ.

ಇತ್ತ ಚೀನದ ಲಿಯಾವೊನಿಂಗಿನಿಂದ 1996ರಲ್ಲಿ ಬೆಳಕಿಗೆ ಬಂದ ಸೈನೊಸಾರೊಪ್ಟೆರಿಕ್ಸಿನ ಮೈಮೇಲೆ ಎಳೆಗರಿಗಳ ಗುರುತಿದ್ದುವು. 2010ರಲ್ಲಿ ಆ ಗರಿಗಳಲ್ಲಿ ಉಳಿದ ವರ್ಣಕಣಗಳ ಪರೀಕ್ಷೆಯಿಂದ ಅದರ ಬಾಲಕ್ಕೆ ಕೆಂಗಂದು ಮತ್ತು ಬಿಳಿಯ ಪಟ್ಟಿಗಳಿದ್ದುವೆಂದು ನಿರ್ಣಯಿಸಲಾಯಿತು. ಚಿತ್ರಕಾರನ ಇಚ್ಛೆಗೆ ಬಿಟ್ಟಿದ್ದ ಬಣ್ಣವೂ ಹೀಗೆ ಸಾಕ್ಷ್ಯದ ಎಲ್ಲೆಯೊಳಗೆ ಬಂದಿತು.

ಬೆರ್ನಿಸಾರಿನ ಮೂಳೆಗಳು ಮತ್ತೆ ಬಿಚ್ಚಿ ಜೋಡಿಸಲಾಗದಷ್ಟು ಶಿಥಿಲವಾದವು. ಆ ಕಾರಣದಿಂದ ಬ್ರಸೆಲ್ಸಿನ ಸಂಗ್ರಹಾಲಯದ ಗಾಜಿನ ಮನೆಯಲ್ಲಿ ಅವು ಇಂದಿಗೂ ಡೊಲ್ಲೊನು ನಿಲ್ಲಿಸಿದಂತೆಯೇ ಬಾಲವೂರಿ ನಿಂತಿವೆ. ಅದೇ ಸಂಗ್ರಹಾಲಯದಲ್ಲಿ ಬೇರೆ ಕೆಲವನ್ನು ಗಣಿಯಲ್ಲಿ ಸಿಕ್ಕಿದ ಭಂಗಿಯಲ್ಲಿಯೇ ಮಲಗಿಸಲಾಗಿದೆ.