ಹಂಚಿಕೆ ಡಿಸ್ಕ್ ಮತ್ತು ವರ್ಚುವಲ್ ಮಷಿನ್

ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಮತ್ತೊಂದು ಕಂಪ್ಯೂಟರೇ ವರ್ಚುವಲ್ ಮಷಿನ್. ಅದಕ್ಕೆ ಬೇಕಾದ ಕಡತಗಳು ಬೇರೆಲ್ಲೋ ಇರುವ ಡಿಸ್ಕಿನಲ್ಲಿದ್ದರೆ ನೆಟ್‌ವರ್ಕ್ ಮೂಲಕ ತರಿಸಿಕೊಳ್ಳಬೇಕು. ಇದರ ಬೆಲೆ ಏನೆಂಬುದನ್ನು ಬೆಳಗಾವಿ ಜಿಲ್ಲೆಯ ಗಡಿ ಭಾಗದ ‘ಉತಾರ’ ಎಂಬ ಜಮೀನು ದಾಖಲೆಯಿಂದ ಚೆನ್ನಾಗಿ ತಿಳಿಯಬಹುದು.

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಪಹಣಿಗೆ ಉತಾರ ಎನ್ನುತ್ತಾರೆ. ಮೊದಲು ಅದನ್ನು ತಲಾಠಿ (ಊರಿನ ಲೆಕ್ಕಿಗ) ಕೈಯಲ್ಲಿ ಬರೆದು ಕೊಡುತ್ತಿದ್ದ. 1999ರಲ್ಲಿ ಮದ್ದೂರಿನಲ್ಲಿ ಪ್ರಯೋಗಕ್ಕಿಳಿದ ‘ಭೂಮಿ’ ಯೋಜನೆ 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕು ಕೇಂದ್ರಗಳನ್ನು ತಲುಪಿತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು; 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಪ್ರತಿ ಸಿಗತೊಡಗಿತು. ಆದರೆ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಡಿಸ್ಕಿನಲ್ಲೇ ಇತ್ತು. ಅವೆಲ್ಲ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಒಟ್ಟುಗೂಡಿದ್ದು ಆಮೇಲೆ. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆ ತಾಲ್ಲೂಕುಗಳಾದಾಗ, ಡಿಸ್ಕನ್ನು ಊರಿಂದೂರಿಗೆ ಹೊರುವ ಕಾಲ ಮುಗಿದಿತ್ತು.

ಒಂದೆಡೆ ಇರುವ ಡಿಸ್ಕನ್ನು ಹೀಗೆ ಹಲವರು ಹಂಚಿಕೊಳ್ಳುವುದು ಹೊಸದಲ್ಲ. ಐಬಿಎಂ 1972ರಲ್ಲಿ ಹೊರತಂದ ವಿಎಂ/370ಯಲ್ಲಿ ಪ್ರತಿ ಬಳಕೆದಾರನಿಗೆ ಒಂದು ವರ್ಚುವಲ್ ಮಷಿನ್, ಅದಕ್ಕೊಂದು ‘ಮಿನಿಡಿಸ್ಕ್’ ಇರುತ್ತಿತ್ತು. ‘ಲಿಂಕ್’ ಎಂಬ ಆಜ್ಞೆ ಕೊಟ್ಟರೆ ಇನ್ನೊಬ್ಬರ ಮಿನಿಡಿಸ್ಕನ್ನೂ ತೆರೆಯಬಹುದಿತ್ತು. ಓದುವುದಕ್ಕೆ ಎಷ್ಟು ಜನ ಬಂದರೂ ಸರಿ. ಇಬ್ಬರು ಒಮ್ಮೆಲೇ ಬರೆಯಲು ಕೂತರೆ ಕಡತಗಳ ಪಟ್ಟಿಯೇ ಕೆಟ್ಟುಹೋಗುತ್ತಿತ್ತು.

ಈ ತೊಡಕು ಇಂದಿಗೂ ಇದೆ. ಒಂದೇ ಡಿಸ್ಕನ್ನು ಎರಡು ಮಷಿನ್‌ಗಳಿಗೆ ನೇರವಾಗಿ ಜೋಡಿಸಿದರೆ, ಎರಡೂ ತಮ್ಮ ನೆನಪಿನಲ್ಲಿರುವುದೇ ನಿಜವೆಂದು ತಿಳಿದು ಒಂದರ ಮೇಲೊಂದು ಬರೆಯುತ್ತವೆ. ಒಂದೇ ಖಾತೆ ಪುಸ್ತಕದ ಎರಡು ಪ್ರತಿ ಇಟ್ಟುಕೊಂಡು ಇಬ್ಬರು ತಲಾಠಿಗಳು ತಮತಮಗೆ ತೋಚಿದಂತೆ ತಿದ್ದಿದ ಹಾಗೆ. ಇದನ್ನು ತಪ್ಪಿಸಲೆಂದೇ ಜಿಎಫ್ಎಸ್2, ವಿಎಂಎಫ್ಎಸ್‌ನಂಥ ವಿಶೇಷ ಕಡತ ವ್ಯವಸ್ಥೆಗಳು ಬಂದವು.

ಡಿಸ್ಕನ್ನು ಒಂದೇ ಸರ್ವರ್ ನೋಡಿಕೊಂಡು, ಉಳಿದವರು ಅದರ ಬಳಿ ಕಡತ ಕೇಳುವುದು ಇನ್ನೊಂದು ದಾರಿ. ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ಎಸ್ಎಂಬಿ, ಸನ್ ಕಂಪನಿಯ ಎನ್ಎಫ್ಎಸ್ ಎರಡೂ ಈ ಬಗೆಯವು, 1980ರ ದಶಕದವು. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಆರಂಭಿಸಿದ ಕೆಲಸ ‘ಸಾಂಬಾ’ ಆಗಿ ಬೆಳೆದು, ಎಸ್ಎಂಬಿ ಮೂಲಕ ಯೂನಿಕ್ಸ್ ಕಂಪ್ಯೂಟರಿನ ಡಿಸ್ಕನ್ನು ವಿಂಡೋಸ್‌ಗೆ ಕಾಣಿಸಿತು. ಖರ್ಚಿಲ್ಲದೆ ಕಚೇರಿಗಳನ್ನು ಬೆಸೆದ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ದೊಡ್ಡದು. ವರ್ಚುವಲ್ ಮಷಿನ್ ನಡೆಸುವ ಕೆಮು ಎಂಬ ತಂತ್ರಾಂಶದ ಸಾಮಾನ್ಯ ಜೋಡಣೆಯಲ್ಲಿ, ವರ್ಚುವಲ್ ಮಷಿನ್‌ನೊಳಗಿಂದ 10.0.2.2 ಎಂದರೆ ಹೊರಗಿನ ಕಂಪ್ಯೂಟರ್, 10.0.2.4 ಎಂದರೆ ಅದರ ಸಾಂಬಾ ಹಂಚಿಕೆ. ಒಂದೇ ಪೆಟ್ಟಿಗೆಯೊಳಗಿದ್ದೂ ನೆಟ್‌ವರ್ಕ್ ಸುತ್ತಿ ಬರುವ ಈ ಬಳಸುದಾರಿಯನ್ನು 2019ರ ವರ್ಟಿಯೋ-ಎಫ್ಎಸ್ ತಪ್ಪಿಸಿತು.

ಡಿಸ್ಕ್ ದೂರವಿದ್ದಾಗ ಸಂಪರ್ಕ ಕಡಿದರೇನು ಗತಿ? ಎನ್ಎಫ್ಎಸ್‌ನಲ್ಲಿ ಎರಡು ಆಯ್ಕೆಗಳಿವೆ. ‘ಸಾಫ್ಟ್’ ಎಂದಿಟ್ಟರೆ ಸ್ವಲ್ಪ ಕಾದು ದೋಷ ತೋರಿಸುತ್ತದೆ. ಬರೆಯುತ್ತಿದ್ದ ದಾಖಲೆ ಅರ್ಧಕ್ಕೇ ಉಳಿಯಬಹುದು. ‘ಹಾರ್ಡ್’ ಎಂದಿಟ್ಟರೆ ಸರ್ವರ್ ಮರಳುವ ತನಕ ಕೆಲಸ ಹಾಗೇ ನಿಲ್ಲುತ್ತದೆ. ಜಮೀನಿನ ಲೆಕ್ಕಕ್ಕೆ ಎರಡನೆಯದೇ ಸುರಕ್ಷಿತ, ಕೌಂಟರಿನ ಮುಂದೆ ಸಾಲು ಎಷ್ಟೇ ಉದ್ದವಾದರೂ.