ಪಿನ್ ಕೋಡೂ ಗಂಗವಾಡಿ 96,000ವೂ

ಬಿಕ್ಕೋಡಿನಲ್ಲಿ ನನ್ನಿಂದ ಸಮಾಜ ವಿಜ್ಞಾನ ಕಲಿತ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಅಂಕಿಅಂಶ ವಿಶ್ಲೇಷಣೆಯ ಉದ್ಯೋಗದಲ್ಲಿದ್ದಾನೆ. ದೀಪಾವಳಿಗೆ ಬಂದವನು, "ಸಾರ್, ನಮ್ಮ ಶಾಲೆಗೆ ಯಾವ ಯಾವ ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು, ಎಲ್ಲೆಲ್ಲಿಯವರು ಎಸ್ಸೆಸ್ಸೆಲ್ಸಿ ಮುಗಿಸದೆ ಬಿಟ್ಟರು, ನಕ್ಷೆಯಲ್ಲಿ ನೋಡೋಣ" ಎಂದ. ನನ್ನ ಹಳೆಯ ಟಿಪ್ಪಣಿ ಪುಸ್ತಕದ ವಿಳಾಸಗಳನ್ನು ನಾನು ಓದುತ್ತ ಹೋದೆ, ಅವನು ಲ್ಯಾಪ್‌ಟಾಪಿನಲ್ಲಿ ತುಂಬುತ್ತ ಹೋದ.

ತಂತ್ರಾಂಶವು ಮೊದಲು ಮಾಡಿದ ಕೆಲಸ ನಗೆ ತರಿಸಿತು. ಅದು ಎಲ್ಲರ ಪಿನ್ ಕೋಡುಗಳನ್ನೂ ಕೂಡಿ ಕೋಟಿಗಟ್ಟಲೆಯ ಮೊತ್ತವೊಂದನ್ನು ತೋರಿಸಿತು! ಇದು ಎಣಿಕೆಯಲ್ಲ, ಸ್ಥಳದ ಗುರುತು ಎಂದು ಅವನು ಅದಕ್ಕೆ ತಿಳಿಸಿಕೊಡಬೇಕಾಯಿತು.

ನನಗೆ ಆಗ ನೆನಪಾದದ್ದು ನಮ್ಮ ಶಾಸನಗಳು. ಗಂಗವಾಡಿ 96,000, ನೊಳಂಬವಾಡಿ 32,000, ಬನವಾಸಿ 12,000. 1117ರಲ್ಲಿ ಬೇಲೂರಿನ ದೇಗುಲವನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ಕಾಲದಲ್ಲಿ ನಾಡಿನ ಹೆಸರಿಗೆ ಹೀಗೆ ಸಂಖ್ಯೆಯು ಅಂಟಿಕೊಂಡಿತ್ತು. ಅದು ಹಳ್ಳಿಗಳ ಲೆಕ್ಕವೋ, ಕಂದಾಯದ್ದೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ. ಸಂಖ್ಯೆಯು ಒಮ್ಮೆ ಹೆಸರಾಗಿಬಿಟ್ಟರೆ, ಅದು ಏತಕ್ಕೆ ಹುಟ್ಟಿತೆಂಬುದು ಜನರಿಗೆ ಮರೆತುಹೋಗುತ್ತದೆ.

ಪಿನ್ ಕೋಡ್ ಹುಟ್ಟಿದ ಕಾರಣ ಮಾತ್ರ ಸ್ಪಷ್ಟವಾಗಿದೆ. ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಈ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಒಂದೇ ಹೆಸರಿನ ಊರುಗಳು, ನಾನಾ ಲಿಪಿಗಳ ವಿಳಾಸಗಳು, ಇವುಗಳ ನಡುವೆ ಪತ್ರ ವಿಂಗಡಿಸುವವರ ಕಷ್ಟವನ್ನು ನೀಗುವುದಷ್ಟೇ ಅದರ ಉದ್ದೇಶ. ಮೊದಲ ಅಂಕಿ ದೇಶದ ವಲಯವನ್ನು, ಮೊದಲ ಮೂರು ಒಟ್ಟಾಗಿ ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಹಾಸನ ಸೀಮೆಗೆ 573. ಬೇಲೂರು 573115, ಹಳೇಬೀಡು 573121. ಅಂಚೆಯಣ್ಣನ ಚೀಲ ಯಾವ ಕಚೇರಿಯಿಂದ ಹೊರಡುತ್ತದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ನೆಲದ ಎಲ್ಲೆಯನ್ನಲ್ಲ. ಹೋಬಳಿ, ತಾಲ್ಲೂಕುಗಳ ಗಡಿಯನ್ನು ಅದು ಅನುಸರಿಸಲೇಬೇಕೆಂಬ ನಿಯಮವೂ ಇಲ್ಲ.

ಕೊನೆಗೆ ನಕ್ಷೆ ಮೂಡಿತು. ನಾಲ್ಕೈದು ಮಕ್ಕಳು ದಕ್ಷಿಣ ಕನ್ನಡಕ್ಕೆ ಹಾರಿದ್ದರು; 573 ಎಂಬುದನ್ನು ನಾನು 574 ಎಂದು ಓದಿದ್ದೆ, ಕನ್ನಡಕದ ತಪ್ಪಲ್ಲ, ನನ್ನದೇ. ಆದರೆ ಉಳಿದವರು? ಹೆಚ್ಚುಕಡಿಮೆ ಎಲ್ಲರೂ ಬಿಕ್ಕೋಡಿನ ಮೇಲಿನ ಒಂದೇ ದಪ್ಪ ಚುಕ್ಕೆಯಲ್ಲಿ ಅಡಗಿದ್ದರು. ಶಾಲೆಯ ಪಕ್ಕದಲ್ಲೇ ಮನೆಯಿದ್ದವನೂ, ಕಾಫಿ ತೋಟದ ಲೈನ್ ಮನೆಯಿಂದ ಕತ್ತಲಿರುವಾಗಲೇ ಹೊರಟು ನಡೆದು ಬರುತ್ತಿದ್ದ ಹುಡುಗಿಯೂ ಅಲ್ಲಿ ಒಂದೇ ಕಡೆಯವರು.

ಶಾಲೆ ಬಿಟ್ಟವರಲ್ಲಿ ಹೆಚ್ಚಿನವರು ಆ ಲೈನ್ ಮನೆಗಳವರೇ ಎಂಬುದು ನನಗೆ ಹಾಜರಿ ಕರೆದು ಕರೆದು ಗೊತ್ತಿತ್ತು. ಕಾಯಿ ಕೊಯ್ಲಿನ ಕಾಲದಲ್ಲಿ ಆ ಬೆಂಚುಗಳು ಬರಿದಾಗುತ್ತಿದ್ದವು. ಆನೆಗಳು ತೋಟಕ್ಕಿಳಿದಿವೆ ಎಂಬ ಸುದ್ದಿ ಬಂದ ದಿನ ತಾಯಂದಿರು ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಒಂದು ದಿನದ ಗೈರು ತಿಂಗಳಾಗಿ, ಹೆಸರು ಹೊಡೆದುಹೋಗುತ್ತಿತ್ತು. ಆ ದೂರವೇ ಚುಕ್ಕೆಯಲ್ಲಿ ಇಲ್ಲವೆಂದ ಮೇಲೆ ನಕ್ಷೆ ಹೇಳುವುದಾದರೂ ಏನನ್ನು? ಬಿಕ್ಕೋಡಿನ ಮಕ್ಕಳು ಓದು ಬಿಡುತ್ತಾರೆ ಎಂದಷ್ಟೇ ಹೇಳುತ್ತಿತ್ತು. ಅದು ಅನ್ಯಾಯದ ಮಾತು.

2011ರ ಜನಗಣತಿಯ ಗ್ರಾಮ ಸಂಖ್ಯೆಗಳನ್ನು ಬಳಸಿದಾಗ ಹಳ್ಳಿಗಳೇನೋ ಬಿಡಿಬಿಡಿಯಾದವು. ಲೈನ್ ಮನೆಗಳಿಗೆ ಅಲ್ಲಿಯೂ ಬೇರೆ ಗುರುತಿಲ್ಲ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬುದನ್ನು ತಂದಿದೆ, ಸುಮಾರು ನಾಲ್ಕು ಮೀಟರ್ ಚೌಕಕ್ಕೊಂದು ಗುರುತು, ಅದರಲ್ಲಿ ಪ್ರತಿ ಮನೆಯನ್ನೂ ತೋರಿಸಬಹುದು ಎಂದ ಹುಡುಗ. ಆದರೆ ನನ್ನ ಪುಸ್ತಕದಲ್ಲಿರುವುದು ತೋಟದ ಹೆಸರು, ರೈಟರ ಮೇಲ್ವಿಚಾರಣೆ ಎಂಬ ಬರಹ, ಅಷ್ಟೇ.

ಕಡೆಗೆ ನಾನು ದಾರಿ ಹೇಳಿದೆ, ಅವನು ಪರದೆಯ ಮೇಲೆ ಗುರುತು ಹಾಕಿದ. ಹಳ್ಳ ದಾಟಿ ಎಡಕ್ಕೆ, ಗೇಟು ಕಳೆದು ಮೇಲಕ್ಕೆ. ರಾತ್ರಿ ಹನ್ನೊಂದರವರೆಗೆ ಕೂತು ನಲವತ್ತೊಂದು ಮಕ್ಕಳ ಮನೆಗಳನ್ನು ಗುರುತಿಸಿದೆವು. ಇನ್ನು ಆರು ಉಳಿದಿವೆ. ಆ ಲೈನ್‌ಗಳನ್ನು ಎಂದೋ ಕೆಡವಿದ್ದಾರೆ, ಈಗ ಅಲ್ಲಿ ಕಾಫಿ ಗಿಡಗಳಿವೆ. ಅಲ್ಲಿದ್ದವರಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ.